ಶೇರ್ಡ್ ಮೆಮೊರಿಗೆ ಯಾವ ಹೆಸರು?

ಪೋಸ್ಟ್‌ಗ್ರೆಸ್ ಡೇಟಾಬೇಸಿನ ಹಳೆಯ ಆವೃತ್ತಿಯೊಂದು ಓಡುತ್ತಿರುವ ಲಿನಕ್ಸ್ ಸರ್ವರ್ ಸಿಕ್ಕರೆ ಅದರಲ್ಲಿ ‘ಐಪಿಸಿಎಸ್’ ಎಂಬ ಕಮಾಂಡ್ ಕೊಟ್ಟು ನೋಡಿ. ಬರುವ ಪಟ್ಟಿಯ ಮೊದಲ ಕಾಲಮ್ಮಿನಲ್ಲಿ 0052ಇ2ಸಿ1 ಎಂಬ ಅಂಕಿ ಕಾಣುವ ಸಂಭವ ಬಹಳ. ಇದು ಯಾರದು, ಯಾಕಿದೆ, ಅಳಿಸಿದರೆ ಏನಾಗುತ್ತದೆ ಎಂದು ಆ ಸಾಲು ಹೇಳುವುದಿಲ್ಲ. ಹದಿನಾರರ ಲೆಕ್ಕದಲ್ಲಿರುವ ಈ ಸಂಖ್ಯೆಯನ್ನು ನಮ್ಮ ಹತ್ತರ ಲೆಕ್ಕಕ್ಕೆ ತಂದರೆ 5432001 ಆಗುತ್ತದೆ. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಬಳಸುವ ನೆಟ್‌ವರ್ಕ್ ಪೋರ್ಟ್ 5432. ಅದನ್ನು ಸಾವಿರದಿಂದ ಗುಣಿಸಿ ಒಂದು ಸೇರಿಸಿದ್ದಾರೆ, ಅಷ್ಟೇ. ಡೇಟಾಬೇಸಿನ ಎಲ್ಲ ಪ್ರೊಸೆಸ್‌ಗಳೂ ಹಂಚಿಕೊಂಡು ಬಳಸುವ ಮೆಮೊರಿಯ ತುಂಡಿಗೆ ಇಟ್ಟ ಹೆಸರು ಅದು. ಬೇರೆ ಯಾವುದೋ ಪ್ರೋಗ್ರಾಂ ಬರೆದವರು ಅದೇ ಸಂಖ್ಯೆಯನ್ನು ಆರಿಸಿಕೊಂಡಿರಲಾರರು ಎಂಬ ನಂಬಿಕೆಯ ಮೇಲೆ ಇಡೀ ಏರ್ಪಾಡು ನಿಂತಿತ್ತು.

ಯುನಿಕ್ಸ್ ಕುಟುಂಬದ ಆಪರೇಟಿಂಗ್ ಸಿಸ್ಟಂಗಳಿಗೆ ಮೆಮೊರಿ ಹಂಚುವುದು ಎಂದೂ ದೊಡ್ಡ ಕಷ್ಟವಾಗಿರಲಿಲ್ಲ. ಹಂಚಿದ್ದನ್ನು ಏನೆಂದು ಕರೆಯಬೇಕು ಎಂಬಲ್ಲಿ ಮಾತ್ರ ನಲವತ್ತು ವರ್ಷಗಳಿಂದ ಅವು ಎಡವುತ್ತಲೇ ಬಂದಿವೆ. ಸಂಖ್ಯೆಯ ಹೆಸರು, ಫೈಲಿನಂಥ ಹೆಸರು, ಫೈಲೇ ಅಲ್ಲದ ಹೆಸರು, ಕೊನೆಗೆ ಹೆಸರೇ ಬೇಡ ಎನ್ನುವ ದಾರಿ, ಎಲ್ಲವೂ ಬಂದವು. ಹಳೆಯದು ಯಾವುದೂ ಹೋಗಲಿಲ್ಲ. ಇಂದಿನ ಒಂದು ಸಾಧಾರಣ ಲಿನಕ್ಸ್ ಯಂತ್ರದಲ್ಲಿ ಎಲ್ಲವೂ ಒಟ್ಟಿಗೇ ಬದುಕಿವೆ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿ ಪ್ರೊಸೆಸ್‌ಗೂ ಅದರದೇ ಆದ ವಿಳಾಸಗಳ ವಲಯವಿರುತ್ತದೆ. ಒಬ್ಬರ ಮೆಮೊರಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಪೈಪ್ ಅಥವಾ ಸಾಕೆಟ್ ಮೂಲಕ ಮಾಹಿತಿ ಕಳಿಸಿದರೆ ಅದು ಕಳಿಸುವವರಿಂದ ಕರ್ನಲ್‌ಗೆ, ಕರ್ನಲ್‌ನಿಂದ ಪಡೆಯುವವರಿಗೆ ನಕಲಾಗಬೇಕು. ಶೇರ್ಡ್ ಮೆಮೊರಿಯಲ್ಲಿ ಈ ನಕಲಿಲ್ಲ. ಇಬ್ಬರ ವಿಳಾಸಪಟ್ಟಿಯಲ್ಲೂ ಒಂದೇ ಭೌತಿಕ ಪುಟವನ್ನು ಕರ್ನಲ್ ನಮೂದಿಸಿ ಪಕ್ಕಕ್ಕೆ ಸರಿಯುತ್ತದೆ. ವೀಡಿಯೊ ಚಿತ್ರ, ಡೇಟಾಬೇಸಿನ ಬಫರ್, ಬ್ರೌಸರಿನ ಟ್ಯಾಬ್, ಇವೆಲ್ಲ ಓಡುವುದು ಈ ಬಲದಿಂದಲೇ. ತಾಯಿ ಪ್ರೊಸೆಸ್ ಮಗುವನ್ನು ಹುಟ್ಟಿಸುವ ಮೊದಲೇ ಇಂಥ ತುಂಡನ್ನು ಪಡೆದಿಟ್ಟರೆ ಹೆಸರಿನ ಪ್ರಶ್ನೆಯೇ ಇಲ್ಲ, ಅದು ಮಗುವಿಗೆ ತಾನಾಗಿ ಬರುತ್ತದೆ. ತೊಡಕು ಬರುವುದು ಸಂಬಂಧವೇ ಇಲ್ಲದ ಎರಡು ಪ್ರೊಸೆಸ್‌ಗಳು ಒಂದೇ ತುಂಡನ್ನು ಹುಡುಕಿಕೊಂಡು ಹೊರಟಾಗ. ಆಗ ಇಬ್ಬರಿಗೂ ಮುಂಚಿತವಾಗಿ ಗೊತ್ತಿರುವ ಒಂದು ಗುರುತು ಬೇಕು.

ಮೊದಲ ಉತ್ತರ ಸಂಖ್ಯೆ. ಬೆಲ್ ಲ್ಯಾಬ್ಸ್‌ನ ಕೊಲಂಬಸ್ ಶಾಖೆಯಲ್ಲಿ ಫೋನ್ ಕಂಪನಿಯ ಒಳಗಿನ ಕೆಲಸಗಳಿಗಾಗಿ ಬೆಳೆದ ಯುನಿಕ್ಸ್ ಒಂದಿತ್ತು. ಪ್ರೊಸೆಸ್‌ಗಳ ನಡುವಿನ ಸಂವಹನಕ್ಕೆ ಅಲ್ಲಿ ಮಾಡಿಕೊಂಡ ಏರ್ಪಾಡುಗಳು ರೂಪ ಬದಲಿಸಿ 1983ರ ಸಿಸ್ಟಂ ಫೈವ್ ಎಂಬ ಯುನಿಕ್ಸ್ ಆವೃತ್ತಿಯ ಮೂಲಕ ಹೊರಜಗತ್ತಿಗೆ ಬಂದವು. ‘ಶಮ್‌ಗೆಟ್’ ಎಂಬ ಕರೆಗೆ ಒಂದು ಕೀಲಿ ಸಂಖ್ಯೆ ಕೊಡಬೇಕು. ಆ ಕೀಲಿಯ ಸೆಗ್ಮೆಂಟ್, ಅಂದರೆ ಮೆಮೊರಿಯ ತುಂಡು, ಇದ್ದರೆ ಅದರದು, ಇಲ್ಲದಿದ್ದರೆ ಹೊಸದಾಗಿ ಮಾಡಿದ್ದರದು, ಅಂತೂ ಒಂದು ಐಡಿಯನ್ನು ಕರ್ನಲ್ ಹಿಂತಿರುಗಿಸುತ್ತದೆ. ಆ ಐಡಿಯನ್ನು ‘ಶಮ್‌ಎಟಿ’ಗೆ ಕೊಟ್ಟರೆ ಮೆಮೊರಿ ಕೈಗೆ ಸಿಗುತ್ತದೆ. ಕೀಲಿ ಒಂದು, ಐಡಿ ಇನ್ನೊಂದು, ಎರಡೂ ಬರೀ ಅಂಕಿ. ಹೊಸಬರು ಇವೆರಡನ್ನು ಬೆರೆಸಿಕೊಳ್ಳುವುದು ಇಂದಿಗೂ ನಿಂತಿಲ್ಲ.

ಎಲ್ಲವನ್ನೂ ಫೈಲಿನಂತೆ ನೋಡುವುದು ಯುನಿಕ್ಸಿನ ಹೆಮ್ಮೆ. ಅದೇ ಯುನಿಕ್ಸಿನಲ್ಲಿ ಈ ಭಾಗ ಹೊರಗಿನ ನೆಂಟನಂತೆ ಕಾಣುವುದಕ್ಕೆ ಕಾರಣವಿದೆ. ಕೀಲಿಗಳ ಲೋಕ ಡೈರೆಕ್ಟರಿಗಳಿಲ್ಲದ ಒಂದೇ ಬಯಲು. ‘ಎಲ್‌ಎಸ್’ ಮಾಡಿ ನೋಡುವಂತಿಲ್ಲ, ‘ಆರ್‌ಎಂ’ ಮಾಡಿ ಅಳಿಸುವಂತಿಲ್ಲ. ಅದಕ್ಕೆಂದೇ ಐಪಿಸಿಎಸ್, ಐಪಿಸಿಆರ್‌ಎಂ ಎಂಬ ಬೇರೆ ಕಮಾಂಡ್‌ಗಳನ್ನು ಕಟ್ಟಬೇಕಾಯಿತು. ಐಡಿ ಎನ್ನುವುದು, ತೆರೆದ ಫೈಲಿಗೆ ಸಿಗುವ ಫೈಲ್ ಡಿಸ್ಕ್ರಿಪ್ಟರ್ ಎಂಬ ಸಂಖ್ಯೆಯಂತೆ, ಒಂದು ಪ್ರೊಸೆಸ್‌ಗೆ ಸೀಮಿತವೂ ಅಲ್ಲ. ಇಡೀ ಯಂತ್ರಕ್ಕೆ ಒಂದೇ ಪಟ್ಟಿ. ಯಾರದೋ ಐಡಿಯನ್ನು ಊಹಿಸಿ ಹೇಳಿದವರಿಗೂ ಅನುಮತಿಯ ಬಿಟ್‌ಗಳು ಒಪ್ಪಿದರೆ ಮೆಮೊರಿ ಸಿಕ್ಕಿಬಿಡುತ್ತದೆ. ತೆರೆಯುವ ಹಂತವೇ ಇಲ್ಲ. ಸೃಷ್ಟಿಸಿದ ಪ್ರೊಸೆಸ್ ಸತ್ತರೂ ಸೆಗ್ಮೆಂಟ್ ಸಾಯುವುದಿಲ್ಲ. ಯಾರಾದರೂ ಬಂದು ಅಳಿಸಬೇಕು, ಇಲ್ಲವೇ ಯಂತ್ರ ಮರುಚಾಲನೆಯಾಗಬೇಕು.

ಕೀಲಿಯನ್ನು ಆರಿಸುವುದು ಹೇಗೆ ಎಂಬುದಕ್ಕೆ ಸಿಸ್ಟಂ ಫೈವ್ ಕೊಟ್ಟ ಉಪಾಯದ ಹೆಸರು ‘ಎಫ್‌ಟೋಕ್’. ನಿಮಗೂ ನಿಮ್ಮ ಜೊತೆಗಾರನಿಗೂ ಗೊತ್ತಿರುವ ಒಂದು ಫೈಲಿನ ಹೆಸರು ಕೊಡಿ, ಜೊತೆಗೆ ಒಂದು ಚಿಕ್ಕ ಸಂಖ್ಯೆ ಕೊಡಿ, ಕೀಲಿಯನ್ನು ನಾನು ಹೊಸೆದು ಕೊಡುತ್ತೇನೆ ಎನ್ನುತ್ತದೆ ಅದು. ಹೊಸೆಯುವ ಬಗೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಲಿನಕ್ಸಿನ ಗ್ಲಿಬ್‌ಸಿ ಲೈಬ್ರರಿಯಲ್ಲಿ ಫೈಲ್ ವ್ಯವಸ್ಥೆ ಫೈಲಿಗೆ ಕೊಟ್ಟಿರುವ ಐನೋಡ್ ಸಂಖ್ಯೆಯ ಕೆಳಗಿನ 16 ಬಿಟ್, ಡಿಸ್ಕಿನ ಸಂಖ್ಯೆಯ ಕೆಳಗಿನ 8 ಬಿಟ್, ನೀವು ಕೊಟ್ಟ ಸಂಖ್ಯೆಯ 8 ಬಿಟ್, ಈ ಮೂರನ್ನು ಸಾಲಾಗಿ ಜೋಡಿಸಿ 32 ಬಿಟ್ ಮಾಡುತ್ತಾರೆ. ಲಕ್ಷಗಟ್ಟಲೆ ಫೈಲುಗಳಿರುವ ಇಂದಿನ ಡಿಸ್ಕಿನಲ್ಲಿ 16 ಬಿಟ್ ಎಂದರೆ 65,536 ಬೇರೆ ಬೇರೆ ಬೆಲೆಗಳು ಮಾತ್ರ. ಐನೋಡ್ ಸಂಖ್ಯೆಗಳ ಅಂತರ 65,536 ಆಗಿರುವ ಎರಡು ಫೈಲುಗಳು ಒಂದೇ ಡಿಸ್ಕಿನಲ್ಲಿದ್ದು, ಚಿಕ್ಕ ಸಂಖ್ಯೆಯೂ ಒಂದೇ ಆದರೆ ಕೀಲಿಯೂ ಒಂದೇ. ಬಹುಪಾಲು ಜನ ಉದಾಹರಣೆಯಲ್ಲಿದ್ದ ಅಕ್ಷರವನ್ನೇ ನಕಲು ಮಾಡುವುದರಿಂದ ಆ ಚಿಕ್ಕ ಸಂಖ್ಯೆ ಒಂದೇ ಆಗಿರುವುದು ಅಪರೂಪವೇನಲ್ಲ. ಇನ್ನೊಂದು ಗುಂಡಿಯೂ ಇದೆ. ಫೈಲನ್ನು ಯಾರಾದರೂ ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಮಾಡಿದರೆ ಐನೋಡ್ ಬೇರೆಯಾಗಬಹುದು. ಆಗ ಮೊದಲೇ ಓಡುತ್ತಿದ್ದ ಪ್ರೊಸೆಸ್ ಒಂದು ಮೆಮೊರಿಯನ್ನು, ಆಮೇಲೆ ಬಂದದ್ದು ಇನ್ನೊಂದನ್ನು ಹಿಡಿದು, ಇಬ್ಬರೂ ತಾವು ಮಾತಾಡಿಕೊಳ್ಳುತ್ತಿದ್ದೇವೆ ಎಂದುಕೊಂಡು ಕೂರುತ್ತಾರೆ.

ಸಿಸ್ಟಂ ಫೈವ್‌ನವರೇ ಒಂದು ಹಿಂಬಾಗಿಲನ್ನೂ ಇಟ್ಟಿದ್ದರು. ‘ಐಪಿಸಿ ಪ್ರೈವೇಟ್’ ಎಂಬ ವಿಶೇಷ ಕೀಲಿ ಕೊಟ್ಟರೆ ಪ್ರತಿ ಸಲವೂ ಹೊಸ ಸೆಗ್ಮೆಂಟ್ ಸಿಗುತ್ತದೆ. ಹೆಸರಿನಲ್ಲಿ ಖಾಸಗಿ ಎಂದಿದ್ದರೂ ಅದರಲ್ಲಿ ಖಾಸಗಿಯಾದದ್ದೇನೂ ಇಲ್ಲ. ಐಡಿ ತಿಳಿದ, ಅನುಮತಿಯಿರುವ ಯಾರಾದರೂ ಒಳಗೆ ಬರಬಹುದು. ಲಿನಕ್ಸಿನ ಕೈಪಿಡಿಯೇ ಈ ಹೆಸರು ಸರಿಯಾಗಲಿಲ್ಲ ಎಂದು ಒಪ್ಪಿಕೊಂಡಿದೆ. ಆದರೂ ಈ ದಾರಿಯಲ್ಲಿ ಮುಂದೆ ಬರಲಿರುವುದರ ಬೀಜವಿದೆ. ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಚಿತ್ರಗಳನ್ನು ವೇಗವಾಗಿ ಕಳಿಸಲು ಮಾಡಿದ ಎಂಐಟಿ ಶಮ್ ಎಂಬ ವಿಸ್ತರಣೆ ಹೀಗೆ ಹೆಸರಿಲ್ಲದೆ ಹುಟ್ಟಿದ ಸೆಗ್ಮೆಂಟಿನ ಐಡಿಯನ್ನು ಸಾಕೆಟ್ ಮೂಲಕ ಎಕ್ಸ್ ಸರ್ವರಿಗೆ ಕಳಿಸುತ್ತಿತ್ತು. ಹೆಸರನ್ನು ಮುಂಚೆಯೇ ಒಪ್ಪಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ಇಬ್ಬರ ನಡುವೆ ಮಾತಿನ ದಾರಿಯೊಂದು ಮೊದಲೇ ಇತ್ತಲ್ಲ.

ಇತ್ತ ಬಿಎಸ್‌ಡಿ ಎಂಬ ಯುನಿಕ್ಸ್ ಕಟ್ಟುತ್ತಿದ್ದ ಬರ್ಕ್ಲಿಯವರ ಯೋಚನೆ ಬೇರೆಯಿತ್ತು. ಫೈಲನ್ನೇ ಮೆಮೊರಿಯೊಳಕ್ಕೆ ತಂದುಕೊಂಡರಾಯಿತು, ಫೈಲಿಗೆ ಹೆಸರು ಇದ್ದೇ ಇದೆಯಲ್ಲ ಎಂಬುದು ಅವರ ವಾದ. ‘ಎಂಮ್ಯಾಪ್’ ಎಂಬ ಈ ಕರೆಯ ರೂಪುರೇಷೆ 1983ರ 4.2 ಬಿಎಸ್‌ಡಿಯ ಕಾಲದಲ್ಲೇ ಕಾಗದದ ಮೇಲಿತ್ತು. ಕೆಲಸ ಮಾಡುವ ರೂಪದಲ್ಲಿ ಬಂದದ್ದು 1988ರ ಸನ್‌ಓಎಸ್ 4.0ರಲ್ಲಿ. ಹೆಸರು, ಅನುಮತಿ, ಡೈರೆಕ್ಟರಿ, ಅಳಿಸುವ ಕ್ರಮ, ಯಾವುದನ್ನೂ ಹೊಸದಾಗಿ ಕಲಿಯಬೇಕಿಲ್ಲ. ಕೊರತೆ ಒಂದೇ: ಕ್ಷಣಿಕವಾಗಿ ಬೇಕಾದ ಮಾಹಿತಿಯನ್ನೂ ಕರ್ನಲ್ ಡಿಸ್ಕಿಗೆ ಬರೆಯುತ್ತಾ ಹೋಗುತ್ತದೆ.

ಈ ಎರಡರ ನಡುವೆ ಸಂಧಾನ ಮಾಡಲು ಹೊರಟದ್ದು ಪಾಸಿಕ್ಸ್ ಎಂಬ ಮಾನಕವನ್ನು ಬರೆಯುವ ಸಮಿತಿ. 1993ರ ರಿಯಲ್‌ಟೈಂ ವಿಸ್ತರಣೆಯಲ್ಲಿ ‘ಶಮ್‌ಓಪನ್’ ಬಂತು. ಹೆಸರು ಕೊಟ್ಟರೆ ಮಾಮೂಲಿ ಫೈಲ್ ಡಿಸ್ಕ್ರಿಪ್ಟರ್ ಸಿಗುತ್ತದೆ. ಅದರ ಗಾತ್ರವನ್ನು ‘ಎಫ್‌ಟ್ರಂಕೇಟ್’ನಿಂದ ನಿಗದಿ ಮಾಡಿ ಎಂಮ್ಯಾಪ್‌ನಿಂದ ಮೆಮೊರಿಗೆ ತಂದುಕೊಳ್ಳುವುದು, ಕೆಲಸ ಮುಗಿದ ಮೇಲೆ ‘ಶಮ್‌ಅನ್‌ಲಿಂಕ್’. ಇಲ್ಲಿಯತನಕ ಚೊಕ್ಕವಾಗಿದೆ. ಆದರೆ ಆ ಸಮಿತಿಯ ಎದುರಿಗಿದ್ದವರಲ್ಲಿ ಡಿಸ್ಕೂ ಇಲ್ಲದ, ಫೈಲ್ ವ್ಯವಸ್ಥೆಯೂ ಇಲ್ಲದ ಪುಟ್ಟ ನಿಯಂತ್ರಕ ಯಂತ್ರಗಳನ್ನು ಕಟ್ಟುವವರೂ ಇದ್ದರು. ಹೆಸರೆಂದರೆ ಫೈಲಿನ ಹಾದಿಯೇ ಎಂದರೆ ಅವರಿಗೆ ಆಗದು. ಅಲ್ಲ ಎಂದರೆ ಉಳಿದವರಿಗೆ ಆಗದು. ಎಲ್ಲರನ್ನೂ ಒಪ್ಪಿಸಲು ಹೊರಟು ಸಮಿತಿ ಬರೆದ ನಿಯಮ ಇದು: ಹೆಸರು ಓರೆಗೀಟಿನಿಂದ (/) ಶುರುವಾಗಿದ್ದರೆ ಅದೇ ಹೆಸರು ಹೇಳಿದವರಿಗೆಲ್ಲ ಅದೇ ವಸ್ತು ಸಿಗುತ್ತದೆ. ಓರೆಗೀಟು ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಆಯಾ ಸಿಸ್ಟಂ ಕಟ್ಟುವವರಿಗೆ ಬಿಟ್ಟದ್ದು. ನಡುವೆ ಇನ್ನೊಂದು ಓರೆಗೀಟು ಬಂದರೆ ಅದೂ ಅವರಿಗೇ ಬಿಟ್ಟದ್ದು. ಹೆಸರು ಫೈಲ್ ವ್ಯವಸ್ಥೆಯಲ್ಲಿ ಕಾಣಬೇಕೇ ಬೇಡವೇ ಎಂಬುದನ್ನೂ ಹೇಳಿಲ್ಲ. ಯಂತ್ರ ಮರುಚಾಲನೆಯಾದರೆ ಹೆಸರು ಉಳಿಯುತ್ತದೆಯೇ ಎಂಬುದನ್ನೂ ಹೇಳಿಲ್ಲ. ಮಾನಕವೊಂದು ಇಷ್ಟು ಜಾಗಗಳಲ್ಲಿ ಕೈ ತೊಳೆದುಕೊಂಡರೆ ಅದನ್ನು ಮಾನಕ ಎನ್ನುವುದು ಕಷ್ಟ.

ಫಲ ಬೇಗನೆ ಕಂಡಿತು. ರಿಚರ್ಡ್ ಸ್ಟೀವನ್ಸ್ 1990ರ ದಶಕದ ಕೊನೆಯಲ್ಲಿ ಪ್ರೊಸೆಸ್‌ಗಳ ನಡುವಿನ ಸಂವಹನದ ಬಗ್ಗೆಯೇ ಒಂದು ದಪ್ಪ ಪುಸ್ತಕ ಬರೆದರು. ಅದರ ಉದಾಹರಣೆಗಳು ಸೋಲಾರಿಸ್ ಮತ್ತು ಡಿಜಿಟಲ್ ಯುನಿಕ್ಸ್ ಎರಡರಲ್ಲೂ ಓಡಬೇಕಿತ್ತು. ಒಂದು ಸಿಸ್ಟಂ ಒಂದೇ ಓರೆಗೀಟು ಬೇಕು, ಎರಡನೆಯದು ಕೂಡದು ಎನ್ನುತ್ತಿತ್ತು. ಇನ್ನೊಂದು ಅದೇ ಹೆಸರನ್ನು ನಿಜವಾದ ಹಾದಿ ಎಂದುಕೊಂಡು ಡಿಸ್ಕಿನ ಮೂಲ ಡೈರೆಕ್ಟರಿಯಲ್ಲೇ ಫೈಲು ಮಾಡಲು ಹೋಗಿ, ಸಾಮಾನ್ಯ ಬಳಕೆದಾರನಿಗೆ ಅನುಮತಿ ಇಲ್ಲ ಎಂದು ಬೈಸಿಕೊಳ್ಳುತ್ತಿತ್ತು. ಒಂದು ಹೆಸರನ್ನು ಎರಡೂ ಕಡೆ ಒಪ್ಪುವಂತೆ ತಿದ್ದಿಕೊಡುವುದಕ್ಕೆಂದೇ ಸ್ಟೀವನ್ಸ್ ಒಂದು ಫಂಕ್ಷನ್ ಬರೆಯಬೇಕಾಯಿತು.

ಇಂದು ಪರಿಸ್ಥಿತಿ ಅದಕ್ಕಿಂತ ಚೆದುರಿದೆ. ಲಿನಕ್ಸಿನಲ್ಲಿ ಶಮ್‌ಓಪನ್ ಎಂಬುದು ಕರ್ನಲ್ಲಿನ ಕರೆಯೇ ಅಲ್ಲ. ‘/ಡೆವ್/ಶಮ್’ ಎಂಬ ಡೈರೆಕ್ಟರಿಯಲ್ಲಿ ಫೈಲು ತೆರೆಯುವ ಲೈಬ್ರರಿ ಫಂಕ್ಷನ್, ಅಷ್ಟೇ. ಆ ಡೈರೆಕ್ಟರಿ ಮೆಮೊರಿಯಲ್ಲೇ ಬದುಕುವ ಟಿಎಂಪಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ. ಹಾಗಾಗಿ ಅಲ್ಲಿ ಎಲ್‌ಎಸ್ ನಡೆಯುತ್ತದೆ, ಆರ್‌ಎಂ ನಡೆಯುತ್ತದೆ. ಕ್ಯೂಎನ್‌ಎಕ್ಸ್‌ನಲ್ಲಿ ಇವು ‘/ಡೆವ್/ಶಮೆಮ್’ ಒಳಗೆ ಕಾಣುತ್ತವೆ. ನೆಟ್‌ಬಿಎಸ್‌ಡಿ ‘/ವಾರ್/ಶಮ್’ ಒಳಗೆ ಚುಕ್ಕೆಯಿಂದ ಶುರುವಾಗುವ ಪೂರ್ವಪ್ರತ್ಯಯ ಸೇರಿಸಿ ಇಡುತ್ತದೆ. ಫ್ರೀಬಿಎಸ್‌ಡಿ ಮೊದಲು ಫೈಲಿನ ಹಾದಿಯನ್ನೇ ಬಳಸುತ್ತಿದ್ದು, 8.0 ಆವೃತ್ತಿಯಿಂದ ಹೆಸರುಗಳನ್ನು ಕರ್ನಲ್ಲಿನೊಳಗಿನ ಪ್ರತ್ಯೇಕ ಪಟ್ಟಿಗೆ ಸಾಗಿಸಿತು. ಅಲ್ಲಿಗೆ ಎಲ್‌ಎಸ್ ಸೌಲಭ್ಯ ಹೋಯಿತು. ಪಟ್ಟಿ ನೋಡಲು ಬೇರೆ ಸಾಧನ ಬರಲು ವರ್ಷಗಳೇ ಹಿಡಿದವು.

ಓಪನ್‌ಬಿಎಸ್‌ಡಿಯವರ ಪರಿಹಾರ ಅವರ ಸ್ವಭಾವಕ್ಕೆ ತಕ್ಕ ಹಾಗಿದೆ. ನೀವು ಕೊಟ್ಟ ಹೆಸರನ್ನು ಎಸ್‌ಎಚ್‌ಎ 256 ಎಂಬ ಹ್ಯಾಶ್‌ಗೆ ಹಾಕಿ, ಬಂದ 64 ಅಕ್ಷರಗಳ ಸರಣಿಯಿಂದಲೇ ಫೈಲಿನ ಹೆಸರು ಮಾಡಿ ‘/ಟಿಎಂಪಿ’ಯಲ್ಲಿ ಇಡುತ್ತಾರೆ. ಉದ್ದದ ತಕರಾರಿಲ್ಲ, ಓರೆಗೀಟು ಎಷ್ಟಿದ್ದರೂ ಚಿಂತೆಯಿಲ್ಲ. ಪಾಸಿಕ್ಸ್ ಬಿಟ್ಟುಹೋದ ಪ್ರಶ್ನೆಗಳಲ್ಲಿ ಅರ್ಧಕ್ಕೆ ಒಂದೇ ಏಟಿಗೆ ಉತ್ತರ. ಅಷ್ಟಕ್ಕೇ ನಿಲ್ಲದೆ, ತೆರೆದ ಫೈಲಿನ ಒಡೆಯ ನೀವೇ ಅಲ್ಲದಿದ್ದರೆ ತೆರೆಯಲು ಬಿಡುವುದಿಲ್ಲ. ಅಂದರೆ ಇಬ್ಬರು ಬೇರೆ ಬೇರೆ ಬಳಕೆದಾರರು ಈ ದಾರಿಯಲ್ಲಿ ಮೆಮೊರಿ ಹಂಚಿಕೊಳ್ಳುವಂತೆಯೇ ಇಲ್ಲ. ಬೇಕಾದವರು ಬೇರೆ ದಾರಿ ನೋಡಿಕೊಳ್ಳಲಿ ಎಂಬ ನಿಷ್ಠುರ. ನನಗೆ ಈ ನಿಷ್ಠುರ ಹಿಡಿಸುತ್ತದೆ, ಕಾರಣವನ್ನು ಮುಂದೆ ಹೇಳುತ್ತೇನೆ.

ಮ್ಯಾಕ್‌ಓಎಸ್ ಕಥೆ ಬೇರೆಯೇ. ಅಲ್ಲಿ ಹೆಸರು ಫೈಲ್ ವ್ಯವಸ್ಥೆಯಲ್ಲಿ ಕಾಣುವುದಿಲ್ಲ, ಉದ್ದಕ್ಕೆ 31 ಬೈಟಿನ ಮಿತಿ. ಲಿನಕ್ಸಿನ ಮಿತಿ 255. ಕರ್ನಲ್‌ಗೆ ಹೆಸರೆಂದರೆ ಬೈಟುಗಳ ಸಾಲು, ಅಕ್ಷರಗಳ ಲೆಕ್ಕ ಅದಕ್ಕೆ ಬೇಡ. ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು ಹಿಡಿಯುತ್ತದೆ. ಸ್ವರಚಿಹ್ನೆಗೂ, ಒತ್ತಿನ ವಿರಾಮಕ್ಕೂ ಬೇರೆ ಬೇರೆ 3 ಬೈಟು. ಆ ಲೆಕ್ಕದಲ್ಲಿ ಮ್ಯಾಕ್‌ನಲ್ಲಿ ‘ಬೆಂಗಳೂರು’ ಎಂದು ಹೆಸರಿಟ್ಟರೆ 24 ಬೈಟಿನಲ್ಲಿ ಹೇಗೋ ಹಿಡಿಸುತ್ತದೆ. ‘ಚಿಕ್ಕಮಗಳೂರು’ 33 ಬೈಟು, ಹಿಡಿಸುವುದಿಲ್ಲ. ಕನ್ನಡದಲ್ಲಿ ಹೆಸರಿಡುವ ಉತ್ಸಾಹಿಗಳು ನೆನಪಿಟ್ಟುಕೊಳ್ಳಬಹುದು.

ಇಂಗ್ಲಿಷಿನಲ್ಲಿ ಹೆಸರಿಡುವವರಿಗೂ ಅಲ್ಲಿ ಸುಖವಿಲ್ಲ. ಆಪಲ್ಲಿನ ಸ್ಯಾಂಡ್‌ಬಾಕ್ಸ್ ಒಳಗೆ ಓಡುವ ಆ್ಯಪ್ ತನ್ನ ಶೇರ್ಡ್ ಮೆಮೊರಿಯ ಹೆಸರನ್ನು ತನ್ನ ಆ್ಯಪ್ ಗುಂಪಿನ ಗುರುತಿನಿಂದಲೇ ಶುರುಮಾಡಬೇಕು. ಆ ಗುರುತಿನಲ್ಲಿ 10 ಅಕ್ಷರಗಳ ತಂಡದ ಸಂಖ್ಯೆ, ಚುಕ್ಕೆ, ಗುಂಪಿನ ಹೆಸರು, ಆಮೇಲೆ ಒಂದು ಓರೆಗೀಟು ಬರಬೇಕು. ಇಷ್ಟಾದ ಮೇಲೆ 31ರಲ್ಲಿ ನಿಮ್ಮ ಪಾಲಿಗೆ ಉಳಿಯುವುದು ನಾಲ್ಕಾರು ಅಕ್ಷರ. ಇನ್ನೂ ಸ್ವಾರಸ್ಯದ ಸಂಗತಿ ಎಂದರೆ, ಎಲ್ಲ ಸಿಸ್ಟಂಗಳಲ್ಲೂ ಓಡಬೇಕಾದರೆ ಹೆಸರಿನ ನಡುವೆ ಓರೆಗೀಟು ಹಾಕಬೇಡಿ ಎನ್ನುತ್ತದೆ ಪಾಸಿಕ್ಸಿನ ವಿವೇಕ. ಹಾಕಲೇಬೇಕು ಎನ್ನುತ್ತದೆ ಆಪಲ್. ಎರಡೂ ನಿಯಮಗಳನ್ನು ಪಾಲಿಸುವ ಹೆಸರು ಯಾವುದೂ ಇಲ್ಲ.

ಈ ಕಿರುಕುಳದ ಗುರುತು ಪೈಥಾನ್ ಭಾಷೆಯಲ್ಲೂ ಉಳಿದಿದೆ. 2019ರ 3.8 ಆವೃತ್ತಿಯಲ್ಲಿ ಬಂದ ಶೇರ್ಡ್ ಮೆಮೊರಿಯ ಮಾಡ್ಯೂಲ್ ತಾನೇ ಹೆಸರಿಡಬೇಕಾದಾಗ ಓರೆಗೀಟೂ ಸೇರಿ 14 ಅಕ್ಷರ ದಾಟುವುದಿಲ್ಲ. ಹಳೆಯ ಬಿಎಸ್‌ಡಿಗಳ ಮಿತಿಗೆ ಹೆದರಿ ಹಾಗೆ ಮಾಡಿದ್ದಾರೆ. ಅದೇ ಮಾಡ್ಯೂಲ್ ಇನ್ನೊಂದು ತೊಂದರೆಗೂ ಸಿಕ್ಕಿತು. ಅನಾಥ ಹೆಸರುಗಳು ಉಳಿಯಬಾರದೆಂದು ಪೈಥಾನ್ ಒಂದು ಕಾವಲುಗಾರ ಪ್ರೊಸೆಸ್ ಇಟ್ಟಿದೆ. ಒಂದು ಪ್ರೋಗ್ರಾಂ ಮುಗಿದಾಗ ಅದು ಬಳಸಿದ ಹೆಸರುಗಳನ್ನೆಲ್ಲ ಆ ಕಾವಲುಗಾರ ಅಳಿಸುತ್ತಾನೆ, ಇನ್ನೊಂದು ಪ್ರೋಗ್ರಾಂ ಅದನ್ನು ಸೃಷ್ಟಿಸಿ ಇನ್ನೂ ಬಳಸುತ್ತಿದ್ದರೂ ಸಹ. ಈ ಕಾವಲನ್ನು ಬೇಡವೆನ್ನುವ ಆಯ್ಕೆ ಬಂದದ್ದು 3.13ರಲ್ಲಿ. ಹೆಸರಿನ ಒಡೆಯ ಯಾರು ಎಂದು ಎಲ್ಲೂ ಬರೆದಿಲ್ಲದಿರುವಾಗ ಕಸ ಗುಡಿಸುವವನನ್ನು ಬೈದು ಪ್ರಯೋಜನವಿಲ್ಲ.

ಲಿನಕ್ಸಿನ ಒಳಹೊಕ್ಕು ನೋಡಿದರೆ ಈ ಇಡೀ ಗದ್ದಲ ಬರೀ ಹೆಸರಿನದು ಎಂಬುದು ಬೆಳಕಿಗೆ ಬರುತ್ತದೆ. ಸಿಸ್ಟಂ ಫೈವ್ ಸೆಗ್ಮೆಂಟ್, ಪಾಸಿಕ್ಸ್ ವಸ್ತು, ಹೆಸರಿಲ್ಲದ ಹಂಚಿಕೆಯ ಎಂಮ್ಯಾಪ್, ಎಲ್ಲವೂ ಕರ್ನಲ್ಲಿನಲ್ಲಿ ಒಂದೇ ಟಿಎಂಪಿಎಫ್‌ಎಸ್ ಕೋಡಿನಿಂದ ಹುಟ್ಟುವ ಫೈಲುಗಳು. ಪ್ರೊಸೆಸ್ ಒಂದರ ಮೆಮೊರಿ ನಕ್ಷೆಯನ್ನು ‘/ಪ್ರಾಕ್’ ಒಳಗೆ ತೆರೆದು ಓದಿದರೆ ಹಳೆಯ ಪೋಸ್ಟ್‌ಗ್ರೆಸ್ಸಿನ ಸೆಗ್ಮೆಂಟ್ ‘ಸಿಸ್‌ವಿ0052ಇ2ಸಿ1’ ಎಂಬ ಫೈಲಾಗಿ, ಪಕ್ಕದಲ್ಲಿ ‘ಅಳಿಸಲಾಗಿದೆ’ ಎಂಬ ಟಿಪ್ಪಣಿಯೊಂದಿಗೆ ಕಾಣುತ್ತದೆ. ಹೆಸರಿಲ್ಲದ್ದು ‘/ಡೆವ್/ಜೀರೋ’ ಎಂಬ ಹೆಸರಿನಲ್ಲಿ, ಅದೇ ಟಿಪ್ಪಣಿಯೊಂದಿಗೆ ನಿಂತಿರುತ್ತದೆ. ಯಾವುದನ್ನೂ ಯಾರೂ ಅಳಿಸಿಲ್ಲ; ಡೈರೆಕ್ಟರಿಯಲ್ಲಿ ಅವಕ್ಕೆ ಎಂದೂ ಜಾಗವಿರಲಿಲ್ಲ, ಅದಕ್ಕೆ ಹಾಗೆ. ಒಳಗೆ ಒಂದೇ ವಸ್ತು, ಹೊರಗೆ ಮೂರು ವೇಷ.

ವೇಷ ಬೇರೆಯಾದ್ದರಿಂದ ಗೋಡೆಗಳೂ ಬೇರೆ. ಪ್ರೋಗ್ರಾಂಗಳನ್ನು ಬೇರೆ ಬೇರೆ ಕೋಣೆಗಳಲ್ಲಿಟ್ಟಂತೆ ಓಡಿಸುವ ಕಂಟೇನರುಗಳ ಕಾಲದಲ್ಲಿ ಇದು ಕಾಟ ಕೊಡಲು ಶುರುಮಾಡಿತು. ಸಿಸ್ಟಂ ಫೈವ್ ಕೀಲಿಗಳನ್ನು ಬೇರ್ಪಡಿಸಲು ಲಿನಕ್ಸ್ 2006ರಲ್ಲಿ, 2.6.19 ಆವೃತ್ತಿಯಲ್ಲಿ, ಐಪಿಸಿ ನೇಮ್‌ಸ್ಪೇಸ್ ತಂದಿತು. ಪಾಸಿಕ್ಸ್ ಹೆಸರುಗಳು ಫೈಲುಗಳಾದ್ದರಿಂದ ಅವನ್ನು ಬೇರ್ಪಡಿಸುವುದು ಮೌಂಟ್ ನೇಮ್‌ಸ್ಪೇಸ್. ಕಂಟೇನರಿಗೆ ಅದರದೇ ‘/ಡೆವ್/ಶಮ್’ ಸಿಗುತ್ತದೆ. ಕಂಟೇನರುಗಳನ್ನು ನಡೆಸುವ ಡಾಕರ್ ಅದಕ್ಕೆ ಕೊಡುವ ಜಾಗ ಬೇರೇನೂ ಹೇಳದಿದ್ದರೆ 64 ಎಂಬಿ. ಕ್ರೋಮ್ ಬ್ರೌಸರನ್ನು ಕಂಟೇನರಿನಲ್ಲಿ ಓಡಿಸಿದವರಿಗೆ ಟ್ಯಾಬ್ ಥಟ್ಟನೆ ಸಾಯುವುದು ಪರಿಚಿತ. ಬಹಳ ಸಲ ಕಾರಣ ಈ 64 ಎಂಬಿ. ಕೊನೆಗೆ ಕ್ರೋಮಿನವರು ಆ ಡೈರೆಕ್ಟರಿಯನ್ನು ಮುಟ್ಟಬೇಡ ಎನ್ನುವ ಒಂದು ಆಯ್ಕೆಯನ್ನೇ ಸೇರಿಸಿದರು.

ಪೋಸ್ಟ್‌ಗ್ರೆಸ್ ಏನಾಯಿತು ಎಂಬುದನ್ನು ಇಲ್ಲಿ ಹೇಳಬೇಕು, ಏಕೆಂದರೆ ಈ ಪ್ರಶ್ನೆಯನ್ನು ಅದರಷ್ಟು ದೀರ್ಘಕಾಲ ಅನುಭವಿಸಿದ ಪ್ರೋಗ್ರಾಂ ವಿರಳ. ಲಿನಕ್ಸಿನಲ್ಲಿ ಒಂದು ಸಿಸ್ಟಂ ಫೈವ್ ಸೆಗ್ಮೆಂಟಿನ ಗಾತ್ರಕ್ಕೆ ಬಹುಕಾಲ ಮೊದಲೇ ಹಾಕಿಟ್ಟ ಮಿತಿ 32 ಎಂಬಿ ಇತ್ತು. ಹೊಸದಾಗಿ ಡೇಟಾಬೇಸ್ ಹಾಕಿದವರೆಲ್ಲ ಮೊದಲು ಕರ್ನಲ್ಲಿನ ಆ ಮಿತಿಯನ್ನು ಏರಿಸಬೇಕಿತ್ತು. 2013ರ 9.3 ಆವೃತ್ತಿಯಲ್ಲಿ ದೊಡ್ಡ ಮೆಮೊರಿಯನ್ನೆಲ್ಲ ಹೆಸರಿಲ್ಲದ ಎಂಮ್ಯಾಪ್‌ಗೆ ಸಾಗಿಸಿದರು. ಮಕ್ಕಳ ಪ್ರೊಸೆಸ್‌ಗಳೆಲ್ಲ ಒಂದೇ ತಾಯಿಯವಾದ್ದರಿಂದ ಹೆಸರು ಬೇಕಿರಲಿಲ್ಲ. ಆದರೆ ಒಂದು ಪುಟ್ಟ ಸಿಸ್ಟಂ ಫೈವ್ ಸೆಗ್ಮೆಂಟನ್ನು ಬೇಕೆಂದೇ ಉಳಿಸಿಕೊಂಡರು. ಕಾರಣ ಕುತೂಹಲದ್ದು. ಒಂದು ಸೆಗ್ಮೆಂಟಿಗೆ ಈಗ ಎಷ್ಟು ಪ್ರೊಸೆಸ್‌ಗಳು ಅಂಟಿಕೊಂಡಿವೆ ಎಂಬ ಲೆಕ್ಕವನ್ನು ಸಿಸ್ಟಂ ಫೈವ್ ಕೊಡುತ್ತದೆ, ಪಾಸಿಕ್ಸ್ ಕೊಡುವುದಿಲ್ಲ. ಸರ್ವರ್ ಕುಸಿದು ಮತ್ತೆ ಏಳುವಾಗ ಹಳೆಯ ಮಗು ಪ್ರೊಸೆಸ್ ಒಂದು ಎಲ್ಲೋ ಬದುಕಿ ಅದೇ ಡೇಟಾವನ್ನು ತಿದ್ದುತ್ತಿದೆಯೇ ಎಂದು ತಿಳಿಯಲು ಈ ಲೆಕ್ಕವೇ ದಾರಿ. ಆಮೇಲೆ ಕೀಲಿಯ ಆಯ್ಕೆಯನ್ನೂ ಬದಲಿಸಿ, ಪೋರ್ಟಿನ ಬದಲು ಡೇಟಾ ಡೈರೆಕ್ಟರಿಯ ಐನೋಡಿನಿಂದ ಶುರುಮಾಡಿದರು. ಕಾಯಬೇಕಾದದ್ದು ಆ ಡೈರೆಕ್ಟರಿಯನ್ನೇ ಆದ್ದರಿಂದ ಇದು ಸರಿಯಾದ ಹೆಸರು.

ಇಷ್ಟಾದರೂ ಅದರ ಕಷ್ಟ ತೀರಲಿಲ್ಲ. ಬಳಕೆದಾರ ಲಾಗ್‌ಔಟ್ ಆದ ಕೂಡಲೇ ಅವನ ಹೆಸರಿನಲ್ಲಿರುವ ಸಿಸ್ಟಂ ಫೈವ್, ಪಾಸಿಕ್ಸ್ ವಸ್ತುಗಳನ್ನೆಲ್ಲ ಗುಡಿಸಿಹಾಕುವ ಏರ್ಪಾಡನ್ನು ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಂಡಿ ತಂದಿತು. ಡೇಟಾಬೇಸ್ ಓಡಿಸುವ ಬಳಕೆದಾರನನ್ನು ಸಿಸ್ಟಂ ಬಳಕೆದಾರ ಎಂದು ಗುರುತಿಸಿರದಿದ್ದರೆ, ನಿರ್ವಾಹಕರು ಆ ಖಾತೆಗೆ ಲಾಗಿನ್ ಆಗಿ ಹೊರಬಂದ ಕ್ಷಣ, ಪ್ರೊಸೆಸ್‌ಗಳು ಸರದಿ ಕಾಯಲು ಬಳಸುವ ಸೆಮಫೋರುಗಳು ಮಾಯವಾಗಿ ಸರ್ವರ್ ಬೀಳುತ್ತಿತ್ತು. ಪೋಸ್ಟ್‌ಗ್ರೆಸ್ಸಿನ ಕೈಪಿಡಿಯಲ್ಲಿ ಇದರ ಎಚ್ಚರಿಕೆಗೆಂದೇ ಒಂದು ಭಾಗವಿದೆ. ಪ್ರೊಸೆಸ್ ಬದುಕಿದೆ, ಮೆಮೊರಿ ಬೇಕಾಗಿದೆ, ಆದರೆ ಹೆಸರಿನ ಆಯುಸ್ಸನ್ನು ಇನ್ಯಾರೋ ನಿರ್ಧರಿಸುತ್ತಿದ್ದಾರೆ.

ಹೆಸರಿನ ಸುತ್ತ ಸುರಕ್ಷತೆಯ ಪ್ರಶ್ನೆಯೂ ಸುತ್ತಿಕೊಂಡಿದೆ. ‘/ಡೆವ್/ಶಮ್’ ಊರ ನಡುವಿನ ಅರಳಿಕಟ್ಟೆಯಿದ್ದ ಹಾಗೆ. ಯಾರು ಬೇಕಾದರೂ ಏನನ್ನಾದರೂ ತಂದಿಡಬಹುದು, ಇನ್ನೊಬ್ಬರು ಇಟ್ಟದ್ದನ್ನು ತೆಗೆಯುವಂತಿಲ್ಲ. ಆದ್ದರಿಂದಲೇ ದುರುದ್ದೇಶದವನು ನಿಮ್ಮ ಪ್ರೋಗ್ರಾಂ ಬಳಸುವ ಹೆಸರನ್ನು ಮೊದಲೇ ತಿಳಿದು ಅಲ್ಲಿ ತನ್ನದೊಂದು ವಸ್ತುವನ್ನು ಎಲ್ಲರಿಗೂ ತೆರೆದಿಟ್ಟರೆ, ನಿಮ್ಮ ಪ್ರೋಗ್ರಾಂ ಅದನ್ನೇ ತನ್ನದೆಂದು ಹಿಡಿಯುತ್ತದೆ. ಸೃಷ್ಟಿಸುವಾಗ ‘ಓ ಎಕ್ಸ್‌ಕ್ಲ್’ ಎಂಬ ಗುರುತು ಸೇರಿಸಿದರೆ ಮೊದಲೇ ಇದ್ದದ್ದು ಸಿಕ್ಕಾಗ ಕರೆ ಸೋಲುತ್ತದೆ, ಆದರೆ ಕೆಲಸ ನಿಂತೇ ಹೋಗುತ್ತದೆ. ಓಪನ್‌ಬಿಎಸ್‌ಡಿ ಒಡೆಯನನ್ನು ಪರೀಕ್ಷಿಸುವುದು ಈ ಕಾರಣಕ್ಕೇ. ಹೆಸರು ಗೊತ್ತಿದ್ದ ಮಾತ್ರಕ್ಕೆ ನಂಬಿಕೆ ಹುಟ್ಟಬಾರದು.

ಅಷ್ಟಾಗಿ ಯಾರೂ ಮಾತಾಡದ ಇನ್ನೊಂದು ತೊಡಕು ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ. ಶಮ್‌ಓಪನ್‌ನಿಂದ ಹುಟ್ಟುವ ವಸ್ತುವಿನ ಗಾತ್ರ ಸೊನ್ನೆ. ಅದಕ್ಕೆ ಗಾತ್ರ ಕೊಟ್ಟು, ಒಳಗೆ ಮೊದಲ ಬೆಲೆಗಳನ್ನು ತುಂಬಿಸುವಷ್ಟರಲ್ಲಿ ಹೆಸರು ಆಗಲೇ ಬಹಿರಂಗವಾಗಿರುತ್ತದೆ. ಆ ಸಣ್ಣ ಸಂದಿಯಲ್ಲಿ ಎರಡನೆಯ ಪ್ರೊಸೆಸ್ ಬಂದು ತೆರೆದು ಓದಲು ಹೋದರೆ ಕರ್ನಲ್ ‘ಸಿಗ್‌ಬಸ್’ ಸಂಕೇತ ಕಳಿಸುತ್ತದೆ, ಪ್ರೊಸೆಸ್ ಸಾಯುತ್ತದೆ. ಅಥವಾ ಅರ್ಧ ತುಂಬಿದ ಮಾಹಿತಿಯನ್ನು ಪೂರ್ತಿ ಎಂದು ನಂಬುತ್ತದೆ. ಪರೀಕ್ಷೆಯಲ್ಲಿ ಸಿಗದ, ಗಿರಾಕಿಯ ಯಂತ್ರದಲ್ಲಿ ಮಾತ್ರ ಕಾಣುವ ಬಗೆಯ ದೋಷ ಇದು. ಫೈಲುಗಳ ಲೋಕದಲ್ಲಿ ಇದಕ್ಕೆ ಹಳೆಯ ಮದ್ದುಂಟು: ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆ ನಿಜವಾದ ಹೆಸರಿಗೆ ಬದಲಿಸುವುದು. ಬದಲಾವಣೆ ಒಂದೇ ಹೆಜ್ಜೆಯಲ್ಲಿ ಆಗುತ್ತದೆ, ನೋಡುವವರಿಗೆ ಪೂರ್ತಿಯಾದದ್ದೇ ಸಿಗುತ್ತದೆ. ಶಮ್‌ಓಪನ್ ತಂದ ಪಾಸಿಕ್ಸ್ ಇದಕ್ಕೆ ಸರಿಸಮನಾದ ಹೆಸರು ಬದಲಿಸುವ ಕರೆಯನ್ನು ಜೊತೆಗೆ ತರಲಿಲ್ಲ. ಫ್ರೀಬಿಎಸ್‌ಡಿ ತನ್ನ 13.0 ಆವೃತ್ತಿಯಲ್ಲಿ ‘ಶಮ್‌ರಿನೇಮ್’ ಎಂದು ತಾನೇ ಸೇರಿಸಿಕೊಂಡಿತು. ಲಿನಕ್ಸಿನಲ್ಲಿ ‘/ಡೆವ್/ಶಮ್’ ಫೈಲುಗಳೇ ಆದ್ದರಿಂದ ಮಾಮೂಲಿ ರಿನೇಮ್ ನಡೆಯುತ್ತದೆ, ಆದರೆ ಆ ಹಾದಿಯನ್ನು ನೇರವಾಗಿ ಬಳಸಿದ ಕೋಡು ಬೇರೆ ಸಿಸ್ಟಂಗಳಲ್ಲಿ ಓಡದು.

ಇವೆಲ್ಲದಕ್ಕೆ ಹೊಸ ಕಾಲದ ಉತ್ತರ, ಹೆಸರನ್ನೇ ಕೈಬಿಡುವುದು. ಯುನಿಕ್ಸ್ ಸಾಕೆಟ್ ಮೂಲಕ ಒಂದು ಪ್ರೊಸೆಸ್ ಇನ್ನೊಂದಕ್ಕೆ ಫೈಲ್ ಡಿಸ್ಕ್ರಿಪ್ಟರನ್ನೇ ದಾಟಿಸಬಹುದು. ಈ ಸೌಲಭ್ಯ ಬರ್ಕ್ಲಿಯ ಕಾಲದ್ದು. ಕೊರತೆಯಿದ್ದದ್ದು ಹೆಸರಿಲ್ಲದೆ ಹುಟ್ಟುವ ವಸ್ತುವಿಗೆ. ಲಿನಕ್ಸ್ 2014ರಲ್ಲಿ, 3.17 ಆವೃತ್ತಿಯಲ್ಲಿ, ‘ಮೆಮ್‌ಎಫ್‌ಡಿ ಕ್ರಿಯೇಟ್’ ತಂದು ಅದನ್ನು ತುಂಬಿತು. ಅದಕ್ಕೂ ಒಂದು ಹೆಸರು ಕೊಡಬೇಕು ಎಂಬುದು ತಮಾಷೆ. ಆದರೆ ಆ ಹೆಸರಿನಿಂದ ಯಾರೂ ಅದನ್ನು ತೆರೆಯಲಾಗದು, ಎರಡು ವಸ್ತುಗಳಿಗೆ ಒಂದೇ ಹೆಸರಿದ್ದರೂ ಬಾಧಕವಿಲ್ಲ. ‘/ಪ್ರಾಕ್’ ನೋಡುವ ಮನುಷ್ಯರಿಗೆ ಗುರುತು ಸಿಗಲಿ ಎಂಬುದಷ್ಟೇ ಅದರ ಕೆಲಸ. ಕೊನೆಯ ಡಿಸ್ಕ್ರಿಪ್ಟರ್ ಮುಚ್ಚಿ, ಕೊನೆಯ ನಕ್ಷೆ ಕಳಚಿದಾಗ ಮೆಮೊರಿಯೂ ಹೋಗುತ್ತದೆ, ಯಾರೂ ಗುಡಿಸಬೇಕಿಲ್ಲ. ಜೊತೆಗೆ ಮೊಹರು ಹಾಕುವ ಸೌಲಭ್ಯ ಬಂತು. ಇನ್ನು ಮುಂದೆ ಇದನ್ನು ಕುಗ್ಗಿಸುವಂತಿಲ್ಲ ಎಂದು ಕಳಿಸುವವನು ಮೊಹರು ಒತ್ತಿದರೆ ಪಡೆದವನು ಸಿಗ್‌ಬಸ್ ಭಯವಿಲ್ಲದೆ ಓದಬಹುದು. ವೇಲ್ಯಾಂಡ್ ಡಿಸ್‌ಪ್ಲೇ ವ್ಯವಸ್ಥೆ ಎಕ್ಸ್‌ನ ಜಾಗಕ್ಕೆ ಬಂದಾಗ ಮೊದಲಿನಿಂದಲೇ ಡಿಸ್ಕ್ರಿಪ್ಟರ್ ದಾಟಿಸುವ ದಾರಿ ಹಿಡಿಯಿತು.

ಆಂಡ್ರಾಯ್ಡ್ ಇದನ್ನು ಇನ್ನೂ ಮೊದಲೇ ಅರಿತಿತ್ತು. ಸಿಸ್ಟಂ ಫೈವ್ ಏರ್ಪಾಡನ್ನು ಅದು ಬೇಕೆಂದೇ ಬಿಟ್ಟಿತು; ದೋಷವಿರುವ ಅಥವಾ ಕೆಟ್ಟ ಉದ್ದೇಶದ ಆ್ಯಪ್ ಸತ್ತರೆ ಅದು ಹಿಡಿದಿದ್ದನ್ನು ಕರ್ನಲ್ ತಾನಾಗಿ ಬಿಡಿಸಿಕೊಳ್ಳಲಾಗದು ಎಂಬುದು ಅವರು ಕೊಟ್ಟ ಕಾರಣ. ಫೋನಿನಲ್ಲಿ ಆ್ಯಪ್‌ಗಳನ್ನು ಸಾಯಿಸುವುದು ದಿನನಿತ್ಯದ ಕೆಲಸ. ಹೀಗಾಗಿ ‘ಆ್ಯಶ್‌ಮೆಮ್’ ಎಂಬ ತನ್ನದೇ ವಸ್ತುವನ್ನು ಕಟ್ಟಿ, ಅದರ ಡಿಸ್ಕ್ರಿಪ್ಟರನ್ನು ಪ್ರೊಸೆಸ್‌ಗಳ ನಡುವಿನ ತನ್ನ ಮಾತಿನ ದಾರಿಯಾದ ಬೈಂಡರ್ ಮೂಲಕ ದಾಟಿಸಿತು. ಅಲ್ಲೂ ಹೆಸರು ಇಡಬಹುದು, ಅದೂ ಕೇವಲ ಗುರುತಿಗೆ.

ಹಾಗಾದರೆ ಪ್ರಶ್ನೆ ಮುಗಿಯಿತೇ? ಪೂರ್ತಿ ಇಲ್ಲ. ಡಿಸ್ಕ್ರಿಪ್ಟರ್ ದಾಟಿಸಲು ಸಾಕೆಟ್ ಬೇಕು, ಆ ಸಾಕೆಟನ್ನು ಹುಡುಕಲು ಅದಕ್ಕೊಂದು ಹೆಸರು ಬೇಕು. ಅಪರಿಚಿತರ ಮೊದಲ ಭೇಟಿಗೆ ಹೆಸರು ತಪ್ಪಿದ್ದಲ್ಲ. ಆದರೆ ಸಾಕೆಟಿನ ಆಚೆ ತುದಿಯಲ್ಲಿ ಒಬ್ಬರು ಕೂತಿರುತ್ತಾರೆ. ಬಂದವರು ಯಾರೆಂದು ಕರ್ನಲ್ಲನ್ನೇ ಕೇಳಿ ತಿಳಿದು, ಒಪ್ಪಿದರೆ ಮಾತ್ರ ಮೆಮೊರಿ ಕೊಡುತ್ತಾರೆ, ಅದೂ ಪೂರ್ತಿ ಸಿದ್ಧವಾದ ಮೇಲೆ. ಭೇಟಿಯ ಜಾಗ, ಪ್ರವೇಶದ ಹಕ್ಕು, ಮೆಮೊರಿಯ ಆಯುಸ್ಸು, ಈ ಮೂರನ್ನೂ ಒಂದೇ ಹೆಸರಿನ ಕೊರಳಿಗೆ ಕಟ್ಟಿದ್ದೇ ಸಿಸ್ಟಂ ಫೈವ್ ಮತ್ತು ಪಾಸಿಕ್ಸ್ ಇಬ್ಬರ ತಪ್ಪು ಎಂಬುದು ನನ್ನ ತೀರ್ಮಾನ. ಡಿಸ್ಕ್ರಿಪ್ಟರಿನ ದಾರಿ ಆ ಗಂಟನ್ನು ಬಿಚ್ಚಿತು.

ಹೊಸದಾಗಿ ಬರೆಯುವವರು ಡಿಸ್ಕ್ರಿಪ್ಟರ್ ದಾಟಿಸುವುದನ್ನೇ ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳಲಿ. ಹಲವು ಸಿಸ್ಟಂಗಳಲ್ಲಿ ಓಡಬೇಕಾಗಿ ಹೆಸರಿಲ್ಲದೆ ಆಗುವುದೇ ಇಲ್ಲ ಎಂದಾದರೆ, ನಿಮ್ಮದೇ ಒಡೆತನದ ಡೈರೆಕ್ಟರಿಯಲ್ಲಿ ಮಾಮೂಲಿ ಫೈಲು ಮಾಡಿ ಎಂಮ್ಯಾಪ್ ಮಾಡಿ. ಅಲ್ಲಿ ರಿನೇಮ್ ಇದೆ, ಅನುಮತಿ ಇದೆ, ಎಲ್ಲ ಕಡೆಯೂ ಒಂದೇ ನಿಯಮವಿದೆ. ಶಮ್‌ಓಪನ್ ಬಳಸಲೇಬೇಕಾದವರು ಒಂದೇ ಓರೆಗೀಟಿನ ಚಿಕ್ಕ ಹೆಸರಿಡಿ. ಆ ಹೆಸರಿನಲ್ಲಿ ನಿಮ್ಮ ಪ್ರೋಗ್ರಾಂನ ಗುರುತು ಇರಲಿ. ಅದನ್ನು ಯಾರು ಅಳಿಸಬೇಕು, ಯಾವಾಗ ಅಳಿಸಬೇಕು ಎಂಬುದನ್ನು ಪ್ರೋಗ್ರಾಂನ ಕೈಪಿಡಿಯಲ್ಲಿ ದಯವಿಟ್ಟು ಎರಡು ಸಾಲು ಬರೆದಿಡಿ.